ಸರ್ಕಾರದ ಖರ್ಚಿನಲ್ಲಿ ವಿದೇಶ: ಇದು ಮುಯ್ಯಾಳಿನ ಲೆಕ್ಕ

2025ರ ಮೇ 20ರಂದು ಲಂಡನ್ನಿನ ವೇದಿಕೆಯಲ್ಲಿ ಬಾನು ಮುಷ್ತಾಕ್ ಅವರ ಹೆಸರು ಕೂಗಿದಾಗ ಹಾಸನದಲ್ಲಿ ಸರಿರಾತ್ರಿ ದಾಟಿತ್ತು. ಬೆಳಗ್ಗೆ ಏಳುವ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ. ನಮ್ಮೂರಿನ ವಕೀಲರು, ನಮ್ಮೂರಿನ ಕಥೆಗಾರ್ತಿ, ಅವರಿಗೆ ಇಂಟರ್‌ನ್ಯಾಷನಲ್ ಬುಕರ್!

ಅವತ್ತಿನಿಂದ ಒಂದು ಪ್ರಶ್ನೆ ಬೇರೆ ಬೇರೆ ಬಾಯಿಂದ ನನ್ನ ಕಿವಿಗೆ ಬೀಳುತ್ತಲೇ ಇದೆ. ಡಿಗ್ರಿ ಓದುವ ಹುಡುಗಿಯ ಅಪ್ಪ ಕೇಳಿದರು. ವೀರಗಾಸೆ ತಂಡದ ಯಜಮಾನರು ಕೇಳಿದರು. ಜಿಲ್ಲಾ ಕ್ರೀಡಾಂಗಣದಲ್ಲಿ ದಿನಾ ಓಡುವ ಹುಡುಗನೊಬ್ಬ ಕೇಳಿದ. "ಇವರನ್ನೆಲ್ಲ ಸರ್ಕಾರವೇ ಖರ್ಚು ಹಾಕಿ ಫಾರಿನ್‌ಗೆ ಕಳಿಸುತ್ತಾ? ಹಾಗಾದರೆ ನಮಗೂ ಸಿಗುತ್ತಾ?"

ಮೊದಲು ಬುಕರ್ ವಿಷಯ ಹೇಳಿಬಿಡುತ್ತೇನೆ. ಆ ಪ್ರಶಸ್ತಿ ಯಾವ ಸರ್ಕಾರದ್ದೂ ಅಲ್ಲ. ಅದನ್ನು ಕೊಡುವುದು ಒಂದು ದತ್ತಿ ಸಂಸ್ಥೆ. 50,000 ಪೌಂಡ್ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅರ್ಧರ್ಧ ಹಂಚಿದರು. ಆದರೆ ಈ ಕಥೆಗಳು ಇಂಗ್ಲಿಷಿಗೆ ಹೋಗಿ ಪುಸ್ತಕವಾಗುವಾಗ ಇನ್ನೊಂದು ನೆರವು ಸಿಕ್ಕಿತ್ತು. ಇಂಗ್ಲಿಷ್ ಪೆನ್ ಅನ್ನುವ ಬರಹಗಾರರ ಸಂಸ್ಥೆ, ಅನುವಾದದ ಖರ್ಚಿಗೆಂದು ಅಲ್ಲಿನ ಪ್ರಕಾಶಕರಿಗೆ ಸಹಾಯಧನ ಕೊಡುತ್ತದೆ. ಆ ಯೋಜನೆಗೆ ದುಡ್ಡು ಬರುವುದು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್‌ನಿಂದ. ಅಂದರೆ ಬ್ರಿಟನ್ನಿನ ಸರ್ಕಾರದ ಮತ್ತು ಲಾಟರಿಯ ಹಣ. ಹಾಸನದ ಮನೆಗಳ ಒಳಗಿನ ಕಥೆ ಇಂಗ್ಲಿಷಿಗೆ ಹೋಗಲು ಅಲ್ಲಿನ ತೆರಿಗೆದಾರರದ್ದೂ ಒಂದು ಸಣ್ಣ ಪಾಲಿದೆ.

ಸರ್ಕಾರದ ನೆರವು ಜಾಸ್ತಿ ಕೆಲಸ ಮಾಡುವುದು ಹೀಗೇ. ಕಣ್ಣಿಗೆ ಕಾಣುವುದಿಲ್ಲ. ಎರಡು ಮೂರು ಕೈ ದಾಟಿ ಬರುತ್ತದೆ. ಅದಕ್ಕೇ ಜನರಿಗೆ ಇದೆಲ್ಲ ಗೋಜಲು ಅನಿಸುವುದು.

ಮುಯ್ಯಾಳು ಗೊತ್ತಿದ್ದರೆ ಅರ್ಧ ಗೊತ್ತಾದಂತೆ

ಅಂತಾರಾಷ್ಟ್ರೀಯ ವಿನಿಮಯ ಅನ್ನುವುದು ದೊಡ್ಡ ಮಾತು. ನಮ್ಮ ಕಡೆ ಅದಕ್ಕೆ ಚಿಕ್ಕ ಮಾತು ಇದೆ: ಮುಯ್ಯಾಳು. ನಾಟಿ ಸಮಯದಲ್ಲಿ ಇವತ್ತು ನಿಮ್ಮ ಮನೆಯ ಇಬ್ಬರು ನಮ್ಮ ಗದ್ದೆಗೆ ಬರುತ್ತಾರೆ. ನಾಳಿದ್ದು ನಮ್ಮ ಮನೆಯ ಇಬ್ಬರು ನಿಮ್ಮ ಗದ್ದೆಗೆ ಹೋಗುತ್ತಾರೆ. ಕೂಲಿ ಕೊಡುವುದಿಲ್ಲ. ಪುಸ್ತಕದಲ್ಲಿ ಬರೆಯುವುದೂ ಇಲ್ಲ. ಆದರೆ ಲೆಕ್ಕ ಮಾತ್ರ ಎಲ್ಲರ ತಲೆಯಲ್ಲೂ ಇರುತ್ತದೆ.

ದೇಶಗಳೂ ಹೀಗೇ ಮಾಡುತ್ತವೆ. ನಮ್ಮ ವಿದ್ಯಾರ್ಥಿ ಅವರಲ್ಲಿಗೆ, ಅವರ ವಿದ್ಯಾರ್ಥಿ ನಮ್ಮಲ್ಲಿಗೆ. ನಮ್ಮ ಕುಣಿತದ ತಂಡ ಅಲ್ಲಿಗೆ, ಅವರ ಸಂಗೀತದವರು ಇಲ್ಲಿಗೆ. ಎರಡು ಸರ್ಕಾರಗಳು ಮೊದಲು ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕುತ್ತವೆ. ಪೇಪರಿನಲ್ಲಿ ಎಂಒಯು ಅಂತ ಓದುತ್ತೀರಲ್ಲ, ಅದೂ ಇಂಥದ್ದೇ ಒಂದು ಕಾಗದ. ಅದರಲ್ಲಿ ದುಡ್ಡಿಗಿಂತ ಮಾತು ಜಾಸ್ತಿ. ಒಂಥರಾ ವೀಳ್ಯಶಾಸ್ತ್ರ ಅಂದುಕೊಳ್ಳಿ. ಅಷ್ಟಕ್ಕೇ ಮದುವೆ ಆಗಿಬಿಡುವುದಿಲ್ಲ, ಆದರೆ ಅದಿಲ್ಲದೆ ಛತ್ರ ಬುಕ್ ಮಾಡುವುದೂ ಇಲ್ಲ.

ಖರ್ಚು ಹಂಚಿಕೊಳ್ಳುವ ರೀತಿಯೂ ಮದುವೆಯದೇ. ಕಲಾ ತಂಡಗಳು ಓಡಾಡುವಾಗ ಬಹಳ ಕಡೆ ನಡೆದು ಬಂದಿರುವ ಕ್ರಮ ಹೀಗಿದೆ: ಕಳಿಸುವ ದೇಶ ವಿಮಾನದ ಟಿಕೆಟ್ ಕೊಡಬೇಕು. ಕರೆಸಿಕೊಳ್ಳುವ ದೇಶ ಊಟ, ವಸತಿ, ಊರೊಳಗಿನ ಓಡಾಟ ನೋಡಿಕೊಳ್ಳಬೇಕು. ದಿಬ್ಬಣದ ಬಸ್ಸು ಗಂಡಿನ ಕಡೆಯವರದ್ದು, ಛತ್ರ ಮತ್ತು ಊಟ ಹೆಣ್ಣಿನ ಕಡೆಯವರದ್ದು ಅಂದ ಹಾಗೆ.

ಆದರೆ ಎಲ್ಲವೂ ಸಮಸಮ ಮುಯ್ಯಿ ಅಲ್ಲ. ದೊಡ್ಡ ದೇಶ ಚಿಕ್ಕ ದೇಶಕ್ಕೆ ಕೊಡುವಾಗ ತಕ್ಷಣ ವಾಪಸ್ ಕೇಳುವುದಿಲ್ಲ. ಭಾರತವೂ ಹಾಗೆ ಕೊಡುತ್ತದೆ. 1964ರಿಂದ ಐಟೆಕ್ ಅನ್ನುವ ಯೋಜನೆಯಲ್ಲಿ ಬೇರೆ ದೇಶಗಳ ಅಧಿಕಾರಿಗಳನ್ನು, ತಂತ್ರಜ್ಞರನ್ನು ಕರೆಸಿ ತರಬೇತಿ ಕೊಡುತ್ತಿದೆ. ಅಫ್ಘಾನಿಸ್ತಾನದ ಅಧ್ಯಕ್ಷರಾಗಿದ್ದ ಹಮೀದ್ ಕರ್ಜಾಯಿ ಹುಡುಗರಾಗಿದ್ದಾಗ ಎಂಎ ಓದಿದ್ದು ಶಿಮ್ಲಾದಲ್ಲಿ, ಭಾರತದ ಸ್ಕಾಲರ್‌ಶಿಪ್ ಪಡೆದು. ಅವತ್ತು ಆ ಹುಡುಗ ಮುಂದೆ ಏನಾಗುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರಗಳು ಈ ಬಾಬ್ತಿಗೆ ದುಡ್ಡು ಹಾಕುವುದು ಇಂಥದ್ದೇ ನಂಬಿಕೆಯಿಂದ. ನೂರು ಜನ ಓದಿಕೊಂಡು ಹೋದರೆ ಅದರಲ್ಲಿ ಹತ್ತು ಜನ ನಾಳೆ ಮುಖ್ಯವಾದ ಕುರ್ಚಿಯಲ್ಲಿ ಕೂರಬಹುದು. ಅವರಿಗೆ ನಮ್ಮ ಅನ್ನದ ರುಚಿ ನೆನಪಿರುತ್ತದೆ. ತೆಂಗಿನ ಗಿಡ ನೆಟ್ಟ ಹಾಗೆ. ಫಲ ಬರುವುದು ನಿಧಾನ.

ಗೋಧಿಯಿಂದ ಪುಸ್ತಕ, ಲಾರಿಯಿಂದ ಸ್ಕಾಲರ್‌ಶಿಪ್

ಈ ದುಡ್ಡು ಹುಟ್ಟಿದ ರೀತಿ ಕೆಲವು ಕಡೆ ಬಹಳ ಮಜವಾಗಿದೆ. ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಲಾರಿ, ಯಂತ್ರ, ಸಾಮಾನು ಬೇರೆ ಬೇರೆ ದೇಶಗಳಲ್ಲಿ ರಾಶಿ ಬಿದ್ದಿತ್ತು. ವಾಪಸ್ ಹೊತ್ತುಕೊಂಡು ಹೋಗುವುದೇ ನಷ್ಟ. ಅಲ್ಲೇ ಮಾರಿದರೆ ಬರುವುದು ಆಯಾ ದೇಶದ ಹಣ, ಅದನ್ನು ಡಾಲರ್ ಮಾಡುವುದೂ ಕಷ್ಟ. ಆಗ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಒಂದು ಉಪಾಯ ಹೇಳಿದರು. ಆ ಹಣದಲ್ಲಿ ವಿದ್ಯಾರ್ಥಿಗಳನ್ನು ಅತ್ತಿಂದಿತ್ತ ಕಳಿಸೋಣ ಅಂತ. 1946ರಲ್ಲಿ ಅದು ಕಾನೂನಾಯಿತು. 1950ರ ಫೆಬ್ರವರಿಯಲ್ಲಿ ಭಾರತವೂ ಸೇರಿತು. ಮೊದಲು ಖರ್ಚು ಅಮೆರಿಕದ್ದೇ ಆಗಿತ್ತು. 2008ರಲ್ಲಿ ಹೊಸ ಒಪ್ಪಂದವಾಗಿ ಭಾರತ ಸಮಪಾಲು ಹಾಕಲು ಒಪ್ಪಿತು. ಹೆಸರೂ ಫುಲ್‌ಬ್ರೈಟ್–ನೆಹರು ಆಯಿತು. ಮುಯ್ಯಾಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಇನ್ನೊಂದು ಗೋಧಿಯ ಕಥೆ. ಅರವತ್ತು ದಾಟಿದವರಿಗೆ ಸ್ಕೂಲಿನ ಕೇರ್ ಉಪ್ಪಿಟ್ಟು ನೆನಪಿರಬೇಕು, ಕೇರ್ ಅನ್ನುವ ಅಮೆರಿಕದ ಸಂಸ್ಥೆಯ ನೆರವಿನದ್ದು. ಅಮೆರಿಕದ ಗೋಧಿ ಆಗ ನಮ್ಮ ದೇಶಕ್ಕೆ ಬರುತ್ತಿದ್ದದ್ದು 1954ರ ಪಿಎಲ್-480 ಅನ್ನುವ ಕಾನೂನಿನಡಿ. ಒಂದಷ್ಟು ದಾನ, ಬಹಳಷ್ಟು ಮಾರಾಟ. ಮಾರಿದ ಗೋಧಿಗೆ ಭಾರತ ರೂಪಾಯಿಯಲ್ಲೇ ದುಡ್ಡು ಕೊಡುತ್ತಿತ್ತು. ಆ ರೂಪಾಯಿಯನ್ನು ಅಮೆರಿಕ ಇಲ್ಲೇ ಖರ್ಚು ಮಾಡಬೇಕಿತ್ತು. ಅದರ ಒಂದು ಪಾಲಿನಲ್ಲಿ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಲೈಬ್ರರಿಗಳಿಗೆ ಕಳಿಸಿದರು. ಕನ್ನಡದ ಪುಸ್ತಕಗಳೂ ಹೋದವು. ಉಪ್ಪಿಟ್ಟು ನಮ್ಮ ಹೊಟ್ಟೆಗೆ, ಕಾದಂಬರಿ ಅವರ ಕಪಾಟಿಗೆ.

ಯಾವ ಬಾಗಿಲು ತಟ್ಟಬೇಕು?

ಜಪಾನಿನಲ್ಲಿ ಇದು ಸುಲಭ. ಅಲ್ಲಿ ಶಿಕ್ಷಣ, ಸಂಸ್ಕೃತಿ, ಕ್ರೀಡೆ, ವಿಜ್ಞಾನ ಎಲ್ಲವೂ ಒಂದೇ ಸಚಿವಾಲಯದ ಕೆಳಗೆ. ಅದರ ಚಿಕ್ಕ ಹೆಸರು ಮೆಕ್ಸ್ಟ್. ನಮ್ಮಲ್ಲಿ ತಾಲ್ಲೂಕು ಆಫೀಸಿನ ಹಾಗೆ, ಒಂದೊಂದಕ್ಕೆ ಒಂದೊಂದು ಕಿಟಕಿ. ಕಾಲೇಜುಗಳ ನಡುವಿನ ವಿನಿಮಯ ಶಿಕ್ಷಣ ಸಚಿವಾಲಯದ್ದು. ಆಟ ಕ್ರೀಡಾ ಸಚಿವಾಲಯದ್ದು. ಕಲೆಗೆ ಸಂಸ್ಕೃತಿ ಸಚಿವಾಲಯವೂ ಇದೆ, ಐಸಿಸಿಆರ್ ಕೂಡ ಇದೆ. ಹಿಂದುಳಿದವರು ವಿದೇಶದಲ್ಲಿ ಓದಲು ಕೊಡುವ ಹಣ ಇನ್ನೂ ಬೇರೆ ಕಿಟಕಿ, ಸಾಮಾಜಿಕ ನ್ಯಾಯ ಸಚಿವಾಲಯದ್ದು.

ಐಸಿಸಿಆರ್ ಅಂದರೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು. 1950ರ ಏಪ್ರಿಲ್ 9ರಂದು ಮೌಲಾನಾ ಅಬುಲ್ ಕಲಾಂ ಆಜಾದ್ ಶುರು ಮಾಡಿದ್ದು. ಅವರು ಶಿಕ್ಷಣ ಮಂತ್ರಿಯಾಗಿದ್ದರೂ ಇವತ್ತು ಈ ಪರಿಷತ್ತು ಇರುವುದು ವಿದೇಶಾಂಗ ಸಚಿವಾಲಯದ ಕೆಳಗೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ, ಅಫ್ಘಾನಿಸ್ತಾನದ ವಿದ್ಯಾರ್ಥಿಗಳನ್ನು ನೋಡಿದ್ದರೆ ಅವರಲ್ಲಿ ಕೆಲವರಾದರೂ ಇದರ ಸ್ಕಾಲರ್‌ಶಿಪ್ಪಿನಲ್ಲಿ ಬಂದಿರುತ್ತಾರೆ.

ಇನ್ನು ಕೆಲವು ಪದಗಳನ್ನು ಬಿಡಿಸಿಕೊಂಡರೆ ಮುಂದಿನದು ಸಲೀಸು. ಸ್ಕಾಲರ್‌ಶಿಪ್ ಅಂದರೆ ಓದಲು ಕೊಡುವ ಹಣ, ತೀರಿಸಬೇಕಿಲ್ಲ. ಫೆಲೋಶಿಪ್ ಅಂದರೆ ಸಾಮಾನ್ಯವಾಗಿ ಓದು ಮುಗಿಸಿದವರಿಗೆ ಸಂಶೋಧನೆಗೋ ಕೆಲಸದ ಅನುಭವಕ್ಕೋ ಕೊಡುವುದು. ಕೈಖರ್ಚಿಗೆ ತಿಂಗಳು ತಿಂಗಳು ಬರುವುದು ಸ್ಟೈಪೆಂಡ್. ಗ್ರಾಂಟ್ ಒಂದು ಕೆಲಸಕ್ಕೆಂದು ಕೊಡುವ ಹಣ, ಅದಕ್ಕೆ ಲೆಕ್ಕ ಒಪ್ಪಿಸಬೇಕು. ಸಾಲವೂ ಒಂದು ನೆರವೇ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶದ ಓದಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಆದರೆ ಸಾಲ ಸಾಲವೇ, ತೀರಿಸಬೇಕು.

ಇನ್ನೊಂದಿದೆ, ಬರೀ ರಿಯಾಯಿತಿ. ಖಾಸಗಿ ವಿಶ್ವವಿದ್ಯಾಲಯ ಮೂವತ್ತು ಲಕ್ಷ ಫೀಸು ಹೇಳಿ ಐದು ಲಕ್ಷ ಬಿಟ್ಟು ಅದಕ್ಕೆ ಸ್ಕಾಲರ್‌ಶಿಪ್ ಅಂತ ಹೆಸರಿಡುತ್ತದೆ. ಆಷಾಢದ ಸೀರೆ ಸೇಲ್ ಇದ್ದ ಹಾಗೆ. ನನ್ನ ಪರಿಚಯದ ಒಬ್ಬರು ಇಂಥ ರಿಯಾಯಿತಿ ಪತ್ರವನ್ನು ಸರ್ಕಾರದ ಸ್ಕಾಲರ್‌ಶಿಪ್ ಅಂತ ನಂಬಿ, ಅದನ್ನು "ಮಾಡಿಸಿಕೊಟ್ಟ" ಏಜೆಂಟನಿಗೆ ನಲವತ್ತು ಸಾವಿರ ಕೊಟ್ಟರು. ಇಲ್ಲಿ ಹೇಳುತ್ತಿರುವ ಸರ್ಕಾರಿ ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಶುಲ್ಕವೇ ಇಲ್ಲ. ಮಧ್ಯವರ್ತಿಯ ಕೆಲಸವೂ ಇಲ್ಲ. ಇದೊಂದು ನೆನಪಿಟ್ಟುಕೊಂಡರೆ ಈ ಲೇಖನ ಬರೆದದ್ದು ನನಗೆ ದಕ್ಕಿತು.

ಓದಲು ಹೋಗುವವರಿಗೆ

ನಮ್ಮ ಸರ್ಕಾರವೇ ಪೂರ್ತಿ ಖರ್ಚು ಹಾಕಿ ಕಳಿಸುವುದು ಕಡಿಮೆ, ಆದರೆ ಇದೆ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಅನ್ನುವುದು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯ ಮಕ್ಕಳಿಗೆ. ವಿದೇಶದಲ್ಲಿ ಎಂಎ, ಎಂಎಸ್ ಥರದ ಸ್ನಾತಕೋತ್ತರ ಓದು ಅಥವಾ ಪಿಎಚ್‌ಡಿ ಮಾಡಲು. ವರ್ಷಕ್ಕೆ 125 ಮಂದಿ, ಅದೂ ಇಡೀ ದೇಶಕ್ಕೆ. ಮನೆಯ ವರ್ಷದ ಆದಾಯ 8 ಲಕ್ಷ ಮೀರಿರಬಾರದು, ವಯಸ್ಸು 35 ದಾಟಿರಬಾರದು, ಹಿಂದಿನ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು. ಶೇ 30 ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಸಿಕ್ಕಿದರೆ ಫೀಸು, ವಿಮಾನ, ವೀಸಾ ಎಲ್ಲ ಸರ್ಕಾರದ್ದು. ಪರಿಶಿಷ್ಟ ಪಂಗಡದವರಿಗೆ ಬೇರೆ ಯೋಜನೆ ಇದೆ, ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು. ಅದರಲ್ಲಿ ವರ್ಷಕ್ಕೆ 20 ಸ್ಥಾನ ಮಾತ್ರ.

ರಾಜ್ಯದ್ದೂ ಇದೆ. ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆ ನೆರವು ಕೊಡುತ್ತದೆ. ಮನೆಯ ಆದಾಯ ಹೆಚ್ಚಾದಂತೆ ಸರ್ಕಾರ ಹೊರುವ ಪಾಲು ಕಡಿಮೆಯಾಗುತ್ತದೆ.

ಈ ಎಲ್ಲ ಯೋಜನೆಗಳಿಗೂ ಒಬ್ಬ ಹಿರಿಯರಿದ್ದಾರೆ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಒಬ್ಬ ಯುವಕನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ಲೆಕ್ಕದಲ್ಲಿ ಮೂರು ವರ್ಷ ಸ್ಕಾಲರ್‌ಶಿಪ್ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಆ ಯುವಕ ಭೀಮರಾವ್ ಅಂಬೇಡ್ಕರ್.

ಇನ್ನು ಬೇರೆ ಸರ್ಕಾರಗಳು ಕರೆಸಿಕೊಳ್ಳುವುದು. ಇಲ್ಲಿ ಜಾತಿ, ಆದಾಯಕ್ಕಿಂತ ಓದು ಮತ್ತು ಅನುಭವ ನೋಡುತ್ತಾರೆ. ಜಪಾನಿನ ಮೆಕ್ಸ್ಟ್ ಸ್ಕಾಲರ್‌ಶಿಪ್ 1954ರಿಂದ ಇದೆ. ಪಿಯುಸಿ ಮುಗಿಸಿದವರು ಅಲ್ಲಿ ಡಿಗ್ರಿ ಮಾಡಬಹುದು. ಫೀಸು ಇಲ್ಲ, ಹೋಗಿಬರುವ ಟಿಕೆಟ್ ಅವರದ್ದು, ಕೈಗೆ ತಿಂಗಳಿಗೆ 1 ಲಕ್ಷ 17 ಸಾವಿರ ಯೆನ್ ಆಸುಪಾಸು. ಡಿಗ್ರಿ ಆದವರಿಗೆ ಸಂಶೋಧನಾ ವಿದ್ಯಾರ್ಥಿ ಅನ್ನುವ ದಾರಿ ಬೇರೆ. ಇದರಲ್ಲೇ ಇನ್ನೊಂದು ಇದೆ, ನಮ್ಮ ಕಡೆ ಯಾರ ಕಣ್ಣಿಗೂ ಬೀಳದ್ದು: ಶಾಲಾ ಶಿಕ್ಷಕರಿಗೆ ಒಂದೂವರೆ ವರ್ಷದ ತರಬೇತಿ. 35ರೊಳಗಿನ ವಯಸ್ಸು, ಐದು ವರ್ಷ ಪಾಠ ಮಾಡಿದ ಅನುಭವ ಬೇಕು. ಅರಕಲಗೂಡಿನ, ಮೂಡಿಗೆರೆಯ ಮೇಷ್ಟ್ರುಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಬ್ರಿಟನ್ನಿನ ಕಡೆ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಹಳೆಯದು, ಅಲ್ಲಿನ ಸರ್ಕಾರದ ಇನ್ನೊಂದು ಸ್ಕಾಲರ್‌ಶಿಪ್ ಚೀವ್ನಿಂಗ್ 1983ರದ್ದು. ಮೇಳಿಗೆಯಿಂದ ಹೊರಟ ಯು.ಆರ್. ಅನಂತಮೂರ್ತಿ ಅವರು ಬರ್ಮಿಂಗ್‌ಹ್ಯಾಮಿಗೆ ಹೋಗಿ ಪಿಎಚ್‌ಡಿ ಮಾಡಿದ್ದು ಕಾಮನ್‌ವೆಲ್ತ್ ನೆರವಿನಲ್ಲಿ. ಮಲೆನಾಡಿನ ಅಗ್ರಹಾರದ ಮೇಲೆ ಅವರು ಬರೆದ ಹೆಸರಾಂತ ಕಾದಂಬರಿ 'ಸಂಸ್ಕಾರ' ಹುಟ್ಟಿದ್ದು ಅದೇ ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ. ಸ್ಕಾಲರ್‌ಶಿಪ್ ಕೊಟ್ಟವರು ಕೇಳಿದ್ದು ಇಂಗ್ಲಿಷ್ ಸಾಹಿತ್ಯದ ಪ್ರಬಂಧ. ಕನ್ನಡಕ್ಕೆ ಸಿಕ್ಕಿದ್ದು ಕಾದಂಬರಿ. ಯಾವ ಯೋಜನೆಯ ನಿಯಮಾವಳಿಯಲ್ಲೂ ಇಂಥದ್ದಕ್ಕೆ ಕಾಲಂ ಇರುವುದಿಲ್ಲ.

ಓದಿಯಾದ ಮೇಲೆ ವಾಪಸ್ ಬರಲೇಬೇಕಾ?

ಅಪ್ಪಂದಿರು ಮೆಲ್ಲಗೆ ಕೇಳುವ ಪ್ರಶ್ನೆ ಇದು. ಬಹಳ ಕಡೆ ಉತ್ತರ: ಹೌದು, ಸ್ವಲ್ಪ ಕಾಲವಾದರೂ.

ಫುಲ್‌ಬ್ರೈಟಿನಲ್ಲಿ ಅಮೆರಿಕಕ್ಕೆ ಹೋದವರು ಓದು ಮುಗಿದ ಮೇಲೆ ಒಟ್ಟು ಎರಡು ವರ್ಷ ತಮ್ಮ ದೇಶದಲ್ಲಿ ಇರಬೇಕು. ಅಲ್ಲಿಯವರೆಗೆ ಅಮೆರಿಕದ ಗ್ರೀನ್ ಕಾರ್ಡಿಗೋ ಎಚ್-1ಬಿ ಕೆಲಸದ ವೀಸಾಕ್ಕೋ ಹೋಗುವಂತಿಲ್ಲ. ಚೀವ್ನಿಂಗ್‌ಗೂ ಎರಡು ವರ್ಷದ ಇದೇ ಷರತ್ತು. ಕಾರಣ ಮುಯ್ಯಾಳಿನಲ್ಲೇ ಇದೆ. ನಾಟಿಗೆ ಹೋದ ಆಳು ಆ ಮನೆಯಲ್ಲೇ ಉಳಿದುಬಿಟ್ಟರೆ ಇತ್ತಲಿನ ಗದ್ದೆಗೆ ಯಾರು? ಕಲಿತದ್ದು ಊರಿಗೆ ಬಂದರೆ ವಿನಿಮಯ, ಅಲ್ಲೇ ಉಳಿದರೆ ವಲಸೆ. ವಲಸೆ ತಪ್ಪು ಅಂತಲ್ಲ, ಆದರೆ ಅದಕ್ಕೆ ಈ ದುಡ್ಡು ಅಲ್ಲ.

ಅಂಬೇಡ್ಕರ್ ಅವರೂ ಬಾಂಡ್ ಬರೆದುಕೊಟ್ಟಿದ್ದರು, ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಕೆಲಸ ಮಾಡುತ್ತೇನೆ ಅಂತ. 1917ರಲ್ಲಿ ಮಾತಿನಂತೆ ಬಂದರು. ಆದರೆ ಆ ಊರಿನಲ್ಲಿ ಅವರಿಗೆ ಇರಲು ಒಂದು ಕೋಣೆ ಕೊಡುವವರು ಸಿಗಲಿಲ್ಲ. ಬಿಟ್ಟು ಹೋಗಬೇಕಾಯಿತು. ಬಾಂಡಿನಲ್ಲಿ ಹೋದವನ ಕರ್ತವ್ಯ ಬರೆದಿರುತ್ತಾರೆ. ಊರಿನವರ ಕರ್ತವ್ಯ ಬರೆದಿರುವುದಿಲ್ಲ.

ಕುಣಿಯುವವರು, ಹಾಡುವವರು

ವೀರಗಾಸೆ ಯಜಮಾನರ ಮೊದಲ ಪ್ರಶ್ನೆ ದುಡ್ಡಿನದಲ್ಲ. "ಸ್ವಾಮಿ, ವಿಮಾನದಲ್ಲಿ ಖಡ್ಗ ಬಿಡ್ತಾರಾ?" ಕೈಯಲ್ಲಿ ಹಿಡಿದು ಹತ್ತಲು ಬಿಡುವುದಿಲ್ಲ, ಒಳಗೆ ಹಾಕುವ ಲಗೇಜಿನಲ್ಲಿ ಕಟ್ಟಬೇಕು, ಮೊದಲೇ ತಿಳಿಸಿರಬೇಕು ಅಂದೆ. ಕರಡೆ, ಸಂಬಾಳದಂಥ ವಾದ್ಯಗಳ ತೂಕವನ್ನೂ ಲೆಕ್ಕ ಹಾಕಿಕೊಳ್ಳಬೇಕು. ತಮಾಷೆ ಅನಿಸಬಹುದು, ಆದರೆ ಜಾನಪದ ತಂಡಗಳ ಪ್ರವಾಸದಲ್ಲಿ ತಲೆನೋವು ಬರುವುದು ಇಂಥ ಕಡೆಯೇ.

ಕಲಾವಿದರಿಗೆ ದಾರಿ ಹೀಗಿದೆ. ಐಸಿಸಿಆರ್ ಕಲಾವಿದರ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಅರ್ಜಿ, ಪ್ರದರ್ಶನದ ವಿಡಿಯೊ, ಹಿಂದೆ ಆಡಿದ ಕಾರ್ಯಕ್ರಮಗಳ ದಾಖಲೆ ಕೊಡಬೇಕು. ತಜ್ಞರು ನೋಡಿ ಪಟ್ಟಿಗೆ ಸೇರಿಸುತ್ತಾರೆ. ಪಟ್ಟಿಗೆ ಸೇರಿದ ಕೂಡಲೇ ವಿಮಾನ ಹತ್ತುವುದಿಲ್ಲ. ಇನ್ಯಾವುದೋ ದೇಶದಲ್ಲಿ ಭಾರತದ ಉತ್ಸವವೋ ಅಲ್ಲಿನ ರಾಯಭಾರ ಕಚೇರಿಯ ಕಾರ್ಯಕ್ರಮವೋ ಬಂದಾಗ ಈ ಪಟ್ಟಿಯಿಂದ ಆರಿಸುತ್ತಾರೆ. ಹೋಗುವ ತಂಡ ಚಿಕ್ಕದಾಗಿರಬೇಕು. ಊರಹಬ್ಬದಲ್ಲಿ ಇಪ್ಪತ್ತು ಜನ ಕುಣಿಯುವುದನ್ನು ಎಂಟು ಹತ್ತು ಜನಕ್ಕೆ ಇಳಿಸಲು ತಯಾರಿರಬೇಕು. ಒಡಪು, ಅಂದರೆ ಕುಣಿತದ ನಡುವೆ ಬರುವ ಕಥೆಯ ಮಾತು ಹೇಳುವವರಿಗೆ ಇನ್ನೊಂದು ಕಷ್ಟ: ಕೇಳುವವರಿಗೆ ಕನ್ನಡ ಬರುವುದಿಲ್ಲ. ಒಡಪಿನ ಸಾರವನ್ನು ನಾಲ್ಕು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಳ್ಳುವುದು ಜಾಣತನ.

ಪುಸ್ತಕಗಳಿಗೆ ಮೊದಲೇ ಹೇಳಿದ ಹಾಗೆ ಅನುವಾದದ ನೆರವು. ಬ್ರಿಟನ್ ಮಾತ್ರವಲ್ಲ, ನಮ್ಮ ನ್ಯಾಷನಲ್ ಬುಕ್ ಟ್ರಸ್ಟ್ ಕೂಡ ಭಾರತೀಯ ಪುಸ್ತಕಗಳನ್ನು ತಮ್ಮ ಭಾಷೆಗೆ ತರುವ ವಿದೇಶಿ ಪ್ರಕಾಶಕರಿಗೆ ಸಹಾಯಧನ ಕೊಡುತ್ತದೆ. ಇದು ಲೇಖಕರ ಕೈಗೆ ಬರುವ ಹಣವಲ್ಲ. ಪ್ರಕಾಶಕರೇ ಕೇಳಬೇಕು.

ಬೇಲೂರು, ಹಳೇಬೀಡಿಗೆ ಯುನೆಸ್ಕೊ ದುಡ್ಡು ಕೊಡುತ್ತಾ?

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ನಡೆದ ಸಭೆಯಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಭಾರತಕ್ಕೆ ಅದು 42ನೆಯದು. ಆವಾಗಿನಿಂದ ಕೇಳಿಬರುವ ಮಾತು: "ಇನ್ನೇನು ಬಿಡಿ, ಯುನೆಸ್ಕೊ ದುಡ್ಡು ಬರುತ್ತೆ."

ಹಾಗಿಲ್ಲ. ದೇವಾಲಯದ ನಿರ್ವಹಣೆ ಮೊದಲಿನ ಹಾಗೇ ಭಾರತೀಯ ಪುರಾತತ್ವ ಇಲಾಖೆಯದ್ದು. ಯುನೆಸ್ಕೊದಲ್ಲಿ ಪರಂಪರೆಗೆಂದು ಒಂದು ನಿಧಿ ಇದೆ, ಆದರೆ ಅದು ಚಿಕ್ಕದು. ಯುದ್ಧ, ಭೂಕಂಪ ಆದ ಕಡೆಗೆ, ಕೈಯಲ್ಲಿ ಕಾಸಿಲ್ಲದ ದೇಶಗಳಿಗೆ ಅದು ಮೊದಲು ಹೋಗುತ್ತದೆ. ಪಟ್ಟಿ ಅಂದರೆ ಅನುದಾನ ಅಲ್ಲ, ಜಗತ್ತಿನ ಮುಂದೆ ಕೊಟ್ಟ ಮಾತು: ಇದನ್ನು ಕೆಡಿಸುವುದಿಲ್ಲ ಅಂತ. ಸುತ್ತ ಮನಬಂದಂತೆ ಕಟ್ಟಡ ಎದ್ದರೆ ಅದಕ್ಕೆ ಉತ್ತರ ಹೇಳಬೇಕಾದವರು ನಾವೇ.

ಒಂದು ಸಣ್ಣ ವಿಷಯ, ಚಿಕ್ಕಮಗಳೂರಿನ ಹೋಂಸ್ಟೇ ನಡೆಸುವವರಿಗೆ. ವಿದೇಶಿ ವಿದ್ಯಾರ್ಥಿಯೋ ಸಂಶೋಧಕರೋ ನಿಮ್ಮಲ್ಲಿ ಉಳಿದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಸರ್ಕಾರಿ ಸ್ಕಾಲರ್‌ಶಿಪ್ಪಿನಲ್ಲಿ ಬಂದವರು ಅಂತ ವಿನಾಯಿತಿ ಇಲ್ಲ.

ಆಡುವವರಿಗೆ

ಹಾಸನ ಜಿಲ್ಲೆಯ ಹಳ್ಳಿಯಿಂದ ಬಂದ ಎಚ್.ಎನ್. ಗಿರೀಶ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ 1.74 ಮೀಟರ್ ದಾಟಿ ಬೆಳ್ಳಿ ಗೆದ್ದರು. ಭಾರತದಿಂದ ಆ ಸಲ ಹೋಗಿದ್ದವರು 10 ಮಂದಿ. ಬಂದ ಪದಕ ಅದೊಂದೇ. ಮುಂದಿನ ಲೆಕ್ಕ ನೋಡಿ: ರಿಯೊದಲ್ಲಿ 4, ಟೋಕಿಯೊದಲ್ಲಿ 19, 2024ರ ಪ್ಯಾರಿಸ್‌ನಲ್ಲಿ 29. ಇದೆಲ್ಲ ಸರ್ಕಾರದ ದುಡ್ಡಿನಿಂದಲೇ ಆಯಿತು ಅನ್ನುವುದು ಆಟಗಾರರಿಗೆ ಮಾಡುವ ಅನ್ಯಾಯ. ಆದರೆ ಈ ನಡುವೆ ಒಂದು ಬದಲಾವಣೆ ಆದದ್ದು ನಿಜ. 2014ರಲ್ಲಿ ಟಾಪ್ಸ್ ಅನ್ನುವ ಯೋಜನೆ ಬಂತು. ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಪದಕದ ಆಸೆ ಇರುವವರನ್ನು ಆರಿಸಿ ವಿದೇಶದ ತರಬೇತಿ, ವಿದೇಶಿ ಕೋಚ್, ಫಿಸಿಯೊ, ಸಲಕರಣೆ ಎಲ್ಲದರ ಖರ್ಚು ನೋಡಿಕೊಳ್ಳುವುದು. ಮುಖ್ಯ ಗುಂಪಿನವರಿಗೆ ಕೈಖರ್ಚಿಗೆ ತಿಂಗಳಿಗೆ 50,000 ರೂಪಾಯಿ.

ಟಾಪ್ಸ್ ಇರುವುದು ಮೇಲಿನ ಮೆಟ್ಟಿಲಿನವರಿಗೆ. ಕ್ರೀಡಾಂಗಣದ ಆ ಹುಡುಗನಂಥವರಿಗೆ ಮೊದಲ ಮೆಟ್ಟಿಲು ರಾಜ್ಯದ ಕ್ರೀಡಾ ಇಲಾಖೆಯ ಹಾಸ್ಟೆಲ್, ಆಮೇಲೆ ಕೇಂದ್ರದ ಖೇಲೋ ಇಂಡಿಯಾ ಯೋಜನೆ. ಅಲ್ಲಿ ಆಯ್ಕೆಯಾದವರಿಗೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು. ವಿದೇಶದ ಪಂದ್ಯಕ್ಕೆ ಹೋಗುವುದು ಮಾತ್ರ ಆಯಾ ಆಟದ ರಾಷ್ಟ್ರೀಯ ಫೆಡರೇಷನ್ ಮೂಲಕವೇ. ಫೆಡರೇಷನ್ ಪ್ರತಿ ವರ್ಷ ಯಾವ ದೇಶದಲ್ಲಿ ಯಾವ ಪಂದ್ಯ, ಎಷ್ಟು ದಿನ ಕ್ಯಾಂಪ್, ಎಷ್ಟು ಜನ ಅಂತ ಕ್ಯಾಲೆಂಡರ್ ಮಾಡಿ ಸರ್ಕಾರದ ಮುಂದಿಡುತ್ತದೆ. ಒಪ್ಪಿಗೆಯಾದದ್ದಕ್ಕೆ ಟಿಕೆಟ್, ವಸತಿ, ಪ್ರವೇಶ ಶುಲ್ಕ ಸರ್ಕಾರದ್ದು. ಆದ್ದರಿಂದ ವಿದೇಶದ ಯಾವುದೋ ಟೂರ್ನಿಯ ಆಹ್ವಾನ ಅಂತ ವಾಟ್ಸಾಪಿನಲ್ಲಿ ಬಂದು, "ನೀವು ಭಾರತದ ಪರ ಆಡುತ್ತೀರಿ, ಒಂದು ಲಕ್ಷ ಕಟ್ಟಿ" ಅಂದರೆ ಮೊದಲು ಫೆಡರೇಷನ್ನಿಗೆ ಫೋನ್ ಮಾಡಿ.

ಕ್ರಿಕೆಟ್ ಈ ಲೆಕ್ಕದಲ್ಲಿ ಇಲ್ಲ. ಬಿಸಿಸಿಐ ಸರ್ಕಾರದ ಅನುದಾನ ತೆಗೆದುಕೊಳ್ಳುವುದಿಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ಹೋಬಾರ್ಟ್ ತಂಡಕ್ಕೆ ಆಡಿದ್ದು ಲೀಗ್ ಒಪ್ಪಂದದ ಮೇಲೆ. ಅದೂ ವಿನಿಮಯವೇ, ಆದರೆ ಕೂಲಿ ಕೊಟ್ಟು ಕರೆಸಿಕೊಂಡದ್ದು, ಮುಯ್ಯಾಳಲ್ಲ.

ಕಾಗದ ಪತ್ರ

ಅರ್ಹತೆ ಇದ್ದೂ ನಮ್ಮ ಕಡೆಯವರು ಎಡವುವುದು ಇಲ್ಲೇ. ಮೊದಲನೆಯದು ಸಮಯ. ಜಪಾನಿನ ಅರ್ಜಿ ರಾಯಭಾರ ಕಚೇರಿಯ ಮೂಲಕ ಸಾಮಾನ್ಯವಾಗಿ ಏಪ್ರಿಲ್–ಮೇ ಹೊತ್ತಿಗೆ. ಓದು ಶುರುವಾಗುವುದು ಮುಂದಿನ ವರ್ಷ. ಚೀವ್ನಿಂಗ್ ಆಗಸ್ಟಿನಿಂದ ಅಕ್ಟೋಬರ್, ಅದೂ ಮುಂದಿನ ವರ್ಷಕ್ಕೆ. ಫುಲ್‌ಬ್ರೈಟ್–ನೆಹರು ಸ್ನಾತಕೋತ್ತರ ಫೆಲೋಶಿಪ್ಪಿಗೆ ಮೂರು ವರ್ಷ ಕೆಲಸ ಮಾಡಿದ ಅನುಭವವೇ ಬೇಕು. ರಿಸಲ್ಟ್ ಬಂದ ಮೇಲೆ ನೋಡೋಣ ಅಂದರೆ ಒಂದು ವರ್ಷ ಹೋಯಿತು ಅಂತಲೇ.

ಎರಡನೆಯದು ಅಪೋಸ್ಟಿಲ್. ನಮ್ಮ ಅಂಕಪಟ್ಟಿ ಅಸಲಿ ಅಂತ ಬೇರೆ ದೇಶ ನಂಬಲು ಹಾಕುವ ಮುದ್ರೆ ಅದು. 2005ರಲ್ಲಿ ಭಾರತ ಈ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ಮೊದಲು ರಾಜ್ಯದ ಇಲಾಖೆ ದೃಢೀಕರಿಸಬೇಕು, ಆಮೇಲೆ ವಿದೇಶಾಂಗ ಸಚಿವಾಲಯ. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಮಧ್ಯದ ಸೇವಾ ಏಜೆನ್ಸಿಯ ಖರ್ಚು ಬೇರೆ.

ಮೂರನೆಯದು ಹೆಸರು. ಇದು ನಮ್ಮದೇ ವಿಶೇಷ ಕಷ್ಟ. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಕೆ.ಎಸ್. ಅಂತ ಎರಡು ಅಕ್ಷರ ಇರುತ್ತದೆ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಅನ್ನುತ್ತಾರೆ. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ, ಅಂಕಪಟ್ಟಿಯಲ್ಲಿ ಮತ್ತೊಂದು ಥರ ಇದ್ದರೆ ಪ್ರತಿ ಹಂತದಲ್ಲೂ ಅಫಿಡವಿಟ್ ಕೇಳುತ್ತಾರೆ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲೇ ಸರಿ ಮಾಡಿಸಿಕೊಂಡರೆ ಮುಂದೆ ಆರಾಮ. ಪಾಸ್‌ಪೋರ್ಟಿಗೆ ಬೆಂಗಳೂರಿನವರೆಗೆ ಓಡಬೇಕಿಲ್ಲ, ಹಾಸನದ ಪೋಸ್ಟ್ ಆಫೀಸಿನಲ್ಲೇ ಸೇವಾ ಕೇಂದ್ರ ಇದೆ.

ಮೊದಲು ಪ್ರಶ್ನೆ ಕೇಳಿದ ಆ ಅಪ್ಪ, ಮಗಳ ಜಪಾನಿನ ಅರ್ಜಿ ತುಂಬುವಾಗ ನನ್ನ ಪಕ್ಕ ಕೂತಿದ್ದರು. ಫಾರಂ ಮನೆತನದ ಹೆಸರು ಕೇಳಿತು. ಕೆ ಅಂದರೆ ಏನು ಅಂತ ಅವರನ್ನೇ ಕೇಳಿದೆ. ಊರು ಕಟ್ಟಾಯ, ಎಸ್ ಅಂದರೆ ನಾನು ಅಂದರು. ಎರಡರಲ್ಲಿ ಯಾವುದನ್ನು ಹಾಕಲಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನನ್ನ ಹೆಸರು ಯಾಕೆ, ಊರಿನದೇ ಇರಲಿ ಬಿಡಿ" ಅಂದರು. ಆಯ್ಕೆಯಾದರೆ ಜಪಾನಿನವರು ಅವಳನ್ನು ಗೌರವದಿಂದ ಕಟ್ಟಾಯ-ಸಾನ್ ಅಂತ ಕರೆಯುತ್ತಾರೆ.